ಶಾಂತಲಕ್ಕನ ‘ಯಾಕ್ರಿ?’

ಗುತ್ತೂರಿನ ಆ ಫ್ಯಾಕ್ಟರಿಯಲ್ಲಿ ಮಧ್ಯಾಹ್ನ ಊಟದ ಬೆಲ್ ಹೊಡೆದರೆ ಸಾಕು, ಸ್ಟೋರಿನ ಮುಂದಿನ ಬೇವಿನ ಮರದಡಿ ಜಾಗ ಹಿಡಿಯಲು ಪೈಪೋಟಿ. ಶಾಂತಲಕ್ಕ ಅಲ್ಲೇ ಕೂತು ಡಬ್ಬಿ ಬಿಚ್ಚುತ್ತಾಳೆ, ರೊಟ್ಟಿ ಮುರಿಯುತ್ತಾಳೆ, ಆಮೇಲೆ ಮಾಫಿಯಾ ಕಥೆ ಶುರು ಮಾಡುತ್ತಾಳೆ.

“ನಿನ್ನೆ ಎಲ್ಲಿಗೆ ನಿಲ್ಸಿದ್ರಿ ಅಕ್ಕಾ?” ಫಿಟ್ಟರ್ ನಿಂಗರಾಜು ಕೇಳುತ್ತಾನೆ.

“ನಕಲಿ ಔಷಧಿ ಹಡಗು ಹತ್ತಿತ್ತು. ಇವತ್ತು ಇಳೀತೈತೆ. ಉಪ್ಪಿನಕಾಯಿ ಕೊಡು ಇತ್ಲಾಗೆ.”

ಅಕ್ಕಿ ಮಿಲ್ಲುಗಳಿಗೆ ಆಳೆತ್ತರದ ಫ್ಯಾನು ಮಾಡುವ ಫ್ಯಾಕ್ಟರಿ ಅದು. ಹತ್ತೊಂಬತ್ತು ವರ್ಷದಿಂದ ಅಲ್ಲಿನ ಸ್ಟೋರು ಶಾಂತಲಕ್ಕನ ಕೈಯಲ್ಲಿದೆ. ಹೊರಗಿಂದ ಬಂದ ಒಂದು ಬೋಲ್ಟು ಕೂಡ ಆಕೆಯ ಸೈನ್ ಇಲ್ಲದೆ ಶೆಡ್ಡಿನೊಳಗೆ ಹೋಗುವಂತಿಲ್ಲ. ಓದಿದ್ದು ಪಿಯುಸಿ. ಆದರೆ ಇಂಗ್ಲಿಷ್ ಪುಸ್ತಕ ಹಿಡಿದರೆ, ಪಕ್ಕದಲ್ಲಿ ಮೊಬೈಲ್ ಡಿಕ್ಷನರಿ ಇಟ್ಟುಕೊಂಡು, ಕೊನೆಯ ಪುಟ ಮುಗಿಸಿಯೇ ಕೆಳಗಿಡುವ ಛಲಗಾತಿ! “ಬ್ಯಾರೆಯೋರ ಹೆಂಡ್ತೀರು ಸೀರಿಯಲ್ ನೋಡ್ತಾರೆ, ನಮ್ಮಾಕಿ ಸ್ಮಗ್ಲಿಂಗ್ ಓದ್ತಾಳೆ” ಎಂದು ಹರಿಹರದ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುವುದು ಗಂಡ ರಮೇಶನಿಗೆ ಒಂದು ಹೆಮ್ಮೆ.

ಭಾನುವಾರ ಬಂತೆಂದರೆ ಆಕೆ ದಾವಣಗೆರೆ ಬಸ್ಸು ಹತ್ತುತ್ತಾಳೆ. ಪಿ.ಬಿ. ರೋಡಿನ ಬದಿಯಲ್ಲಿ ಹಳೇ ಪುಸ್ತಕ ಮಾರುವ ಕರಿಬಸವರಾಜ ಆಕೆಗೆಂದೇ ಎರಡು ಥರದ ಪುಸ್ತಕ ತೆಗೆದಿಟ್ಟಿರುತ್ತಾನೆ: ದೇಶದೇಶಗಳ ಗ್ಯಾಂಗುಗಳು ಕಂಪನಿಯಂತೆ ದಂಧೆ ನಡೆಸುವುದು ಹೇಗೆ ಎಂಬುದು ಒಂದು, ಕಂಪನಿಗಳು ತಮ್ಮೊಳಗಿಂದಲೇ ಮುಂದಾಳುಗಳನ್ನು ಬೆಳೆಸುವುದು ಹೇಗೆ ಎಂಬುದು ಇನ್ನೊಂದು.

“ಅಕ್ಕಾರ, ಒಂದ್ ಕೈಯಾಗ ಡಾನು, ಒಂದ್ ಕೈಯಾಗ ಎಂ.ಡಿ. ಏನಾಗ್ಬೇಕಂತ ಮಾಡೀರಿ?” ಆತ ಕೇಳುತ್ತಾನೆ.

“ಎರಡು ಕಡೆನೂ ಆಳು ತಯಾರು ಮಾಡೋದು ಒಂದೇ ಥರ ಕಣಪ್ಪ. ಒಂದೇ ಫರಕು. ಗ್ಯಾಂಗಿನಾಗ ಮೇಲಿನೋರಿಗೆ ‘ಯಾಕ’ ಅಂತ ಕೇಳಂಗಿಲ್ಲ, ಕೇಳಿದ್ರೆ ಹೆಣ ಬೀಳ್ತೈತೆ. ಕಂಪನಿನಾಗ ಕೇಳ್ಬೋದು. ಆದ್ರೆ ಯಾರೂ ಕೇಳಲ್ಲ!”

ನಿಜ ತಾನೇ? ನಮ್ಮ ಕಡೆ ದೊಡ್ಡವರು ಏನೇ ಹೇಳಲಿ, ಬಾಯಿಗೆ ಮೊದಲು ಬರುವುದು ‘ಆಯ್ತ್ರಿ’. ಕೇಳಿಸಿದರೂ ಆಯ್ತ್ರಿ, ಕೇಳಿಸದಿದ್ದರೂ ಆಯ್ತ್ರಿ. ಕಳ್ಳಮಾಲಿನವರು ಬದುಕುವುದೇ ಈ ಆಯ್ತ್ರಿ ಮೇಲೆ ಎಂದು ಶಾಂತಲಕ್ಕನಿಗೆ ಹೊಳೆದದ್ದೇ ತಡ, ಬೇವಿನ ಮರದಡಿ ಪಾಠ ಶುರುವಾಯಿತು. ಆಯ್ತ್ರಿ ಅನ್ನುವ ಮೊದಲು ‘ಯಾಕ್ರಿ?’ ಅನ್ನಬೇಕು. ಮೆಲ್ಲಗೆ ಅನ್ನಬೇಕು, ಆ ‘ರಿ’ ಮಾತ್ರ ಬಿಡಬಾರದು.

“ನಿಂಗರಾಜು, ನೀರು ಕೊಡು.”

“ಯಾಕ್ರಿ?”

“ಗಂಟಲಾಗ ರೊಟ್ಟಿ ಸಿಕ್ಕೈತೆ, ಕೊಡೋ ಮಾರಾಯ!”

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಒಬ್ಬಳು ಮಾತ್ರ ನಗುವುದಕ್ಕೂ ಹೆದರುತ್ತಿದ್ದಳು. ಸ್ಟೋರಿಗೆ ಸೇರಿ ಎಂಟು ತಿಂಗಳಾಗಿದ್ದ ಕಡರನಾಯಕನಹಳ್ಳಿಯ ಕೀರ್ತನಾ. ಶಾಂತಲಕ್ಕ ಅವಳನ್ನು ಕಬ್ಬಿಣದ ರ‍್ಯಾಕುಗಳ ಮುಂದೆ ನಿಲ್ಲಿಸಿ, “ಈ ರ‍್ಯಾಕೇ ಸಾವ್ಕಾರ್ರು ಅಂದ್ಕ. ಕೇಳು” ಎಂದು ದಿನವೂ ‘ಯಾಕ್ರಿ?’ ಹೇಳಿಸುತ್ತಿದ್ದಳು.

ಆ ತಿಂಗಳ ಕೊನೆಗೆ ಫ್ಯಾಕ್ಟರಿಯ ಇನ್‌ಚಾರ್ಜ್ ನಿವೃತ್ತಿಯಾಗುವವರಿದ್ದರು. ಆ ಕುರ್ಚಿಯಲ್ಲಿ ಈವರೆಗೆ ಹೆಂಗಸು ಕೂತದ್ದಿಲ್ಲ. ಮಾಲೀಕರಾದ ಬಕ್ಕೇಶಪ್ಪನವರು, “ನೋಡಾಣ ಶಾಂತಲಾ, ಈ ಆರ್ಡರ್ ಸಲೀಸಾಗಿ ಹೋಗ್ಲಿ” ಎಂದಿದ್ದರು. ಆ ಕುರ್ಚಿ ಬೇಕು ಎಂದು ಶಾಂತಲಕ್ಕ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಆದರೆ ಬೇಕಿತ್ತು. ಬಹಳ ಬೇಕಿತ್ತು.

ಆರ್ಡರ್ ಮಲೆಬೆನ್ನೂರಿನ ಮಿಲ್ಲಿನದು, ಹನ್ನೆರಡು ಫ್ಯಾನು. ಆ ತಿಂಗಳ ಕೊನೆಯ ಶನಿವಾರ ಲಾರಿ ಬರಬೇಕು. ಶುಕ್ರವಾರ ನೋಡಿದರೆ ಫ್ಯಾನು ತಿರುಗಲು ಬೇಕಾದ ಬೇರಿಂಗೇ ಇಲ್ಲ! ಬಕ್ಕೇಶಪ್ಪನವರು ತಮ್ಮ ಬೀಗರ ಅಂಗಡಿಯಿಂದ ಇಪ್ಪತ್ತನಾಲ್ಕು ಬೇರಿಂಗು ತರಿಸಿ ಸ್ಟೋರಿಗೆ ಫೋನ್ ಮಾಡಿದರು. “ಬೀಗರ ಮಾಲು ಶಾಂತಲಾ, ಏನೂ ನೋಡಾದು ಬ್ಯಾಡ. ಸೈನ್ ಹಾಕಿ ಒಳಗೆ ಕಳ್ಸು.”

“ಆಯ್ತ್ರಿ” ಎಂದಳು ಶಾಂತಲಕ್ಕ.

ಹೌದು, ಶಾಂತಲಕ್ಕನೇ! ಮಗಳನ್ನು ಕೊಟ್ಟ ಮನೆಯ ಮಾಲನ್ನು ಅನುಮಾನಿಸಿದರೆ ಸಾವ್ಕಾರರ ಮಾನ ಏನಾದೀತು, ತನ್ನ ಕುರ್ಚಿ ಏನಾದೀತು? ಪೆನ್ನು ತೆಗೆದು ಸೈನ್ ಹಾಕಿಯೇ ಬಿಟ್ಟಳು.

ಎದುರಿಗೆ ಕೀರ್ತನಾ ಎರಡೂ ಕೈಯಲ್ಲಿ ಬಾಕ್ಸು ಹಿಡಿದು ನಿಂತಿದ್ದಳು.

“ಅಕ್ಕಾ… ಯಾಕ್ರಿ?”

“ಏನು ಯಾಕ?”

“ನೋಡದೆ ಯಾಕ್ರಿ ಸೈನು? ಈ ಬಾಕ್ಸಿನ ಮೇಲೊಂದು ನಂಬರ್ ಐತೆ. ಒಂದಕ್ಕೊಂದು ಬ್ಯಾರೆ ಇರ್ಬೇಕಲ್ರಿ? ನಾಕು ನೋಡ್ದೆ. ನಾಕೂ ಒಂದೇ.”

ಶಾಂತಲಕ್ಕನ ಕಿವಿ ಬಿಸಿಯಾಯಿತು. ಆಕೆ ಇಪ್ಪತ್ತನಾಲ್ಕು ಬಾಕ್ಸನ್ನೂ ತಿರುಗಿಸಿ ನೋಡಿದಳು. ಎಲ್ಲಕ್ಕೂ ಒಂದೇ ನಂಬರು. ಒಂದು ಬೇರಿಂಗ್ ತೆಗೆದು, ಬಟ್ಟೆಗೆ ಬಣ್ಣ ಕರಗಿಸುವ ಥಿನ್ನರ್ ಹಾಕಿ ಉಜ್ಜಿದಳು. ಕಂಪನಿಯ ಹೆಸರು ಅಳಿಸಿ ಬಟ್ಟೆಗೆ ಬಂತು! ಅಸಲಿಯಲ್ಲಿ ಹೆಸರು ಕಬ್ಬಿಣದಲ್ಲೇ ಕೊರೆದಿರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇಂಥ ನಕಲಿ ಬೇರಿಂಗು ಜೋರಾಗಿ ತಿರುಗುವಾಗ ಬಿಗಿದು ನಿಂತುಬಿಟ್ಟರೆ ಫ್ಯಾನಿನ ರೆಕ್ಕೆ ಮುರಿದು ಹಾರುತ್ತದೆ. ಮಿಲ್ಲಿನಲ್ಲಿ ಅದರ ಪಕ್ಕದಲ್ಲೇ ಹೆಂಗಸರು ಕೂತು ಅಕ್ಕಿ ಕೇರುತ್ತಿರುತ್ತಾರೆ.

ಆಕೆ ತನ್ನ ಸೈನಿನ ಮೇಲೆ ಅಡ್ಡಗೀಟು ಎಳೆದಳು. “ಬಾ” ಎಂದು ಕೀರ್ತನಾಳ ಕೈ ಹಿಡಿದು ಸೀದಾ ಬಕ್ಕೇಶಪ್ಪನವರ ಕೋಣೆಗೆ ನಡೆದಳು.

“ಸಾವ್ಕಾರ್ರೇ, ಈ ಮಾಲು ನಕಲಿ.”

“ನಮ್ ಬೀಗರಿಗೆ ಕಳ್ಳರು ಅಂತೀಯೇನು?”

“ಬೀಗರು ಕಳ್ಳರಲ್ರಿ, ಅವರಿಗೂ ಮೋಸ ಆಗೈತೆ. ಇಂಥ ಮಾಲು ಎಲ್ಲೋ ಹುಟ್ಟಿ, ನಾಕು ಊರು ದಾಟಿ, ನಂಬಿಕಸ್ತರ ಕೈಯಿಂದ್ಲೇ ನಮ್ಮನಿಗೆ ಬರೋದು. ಪುಸ್ತಕದಾಗ…”

“ನಿನ್ ಪುಸ್ತಕ ಮಡಚಿಡು!”

ಆಕೆ ಪುಸ್ತಕದ ಮಾತು ಬಿಟ್ಟಳು. ಅವರ ಟೇಬಲ್ಲಿನ ಮೇಲೇ ಇನ್ನೊಂದು ಬೇರಿಂಗ್ ಇಟ್ಟು ಉಜ್ಜಿದಳು. ಬಕ್ಕೇಶಪ್ಪನವರು ಬಟ್ಟೆಗೆ ಬಂದ ಮಸಿಯನ್ನು ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. ಬೀಗರಿಗೆ ಫೋನ್ ಮಾಡಿ ಐದು ನಿಮಿಷ ತಗ್ಗಿದ ದನಿಯಲ್ಲಿ ಮಾತಾಡಿದರು. ಆಮೇಲೆ ಲಾರಿಯವನಿಗೆ ಬರಬೇಡ ಎಂದರು.

“ಚಲೋ ಹಿಡ್ದಿ ಶಾಂತಲಾ.”

ಇಲ್ಲಿಗೆ ಸುಮ್ಮನಾಗಿದ್ದರೆ ಕುರ್ಚಿ ಕೈಗೆ ಬಂದ ಹಾಗೇ ಇತ್ತು. ಆಕೆ ಸುಮ್ಮನಾಗಲಿಲ್ಲ.

“ಹಿಡಿದೋಳು ನಾನಲ್ರಿ. ನಾನು ನೋಡದೇನೇ ಸೈನ್ ಹಾಕಿದ್ದೆ. ತಡೆದೋಳು ಇಕಿ, ಕೀರ್ತನಾ.”

“ಹಂಗಾರೆ ಆ ಕುರ್ಚಿ ನಿನಗ್ಯಾಕ ಕೊಡ್ಲಿ?”

“ನಾನು ತಪ್ಪಿದ್ರೆ ನನ್ನ ತಡೆಯಾಕ ಒಬ್ರು ತಯಾರಾಗ್ಯಾರಲ್ರಿ, ಅದಕ್ಕ. ತಯಾರು ಮಾಡಿದೋಳು ನಾನು.”

ಎಂಥ ಮಾತು! ಬಕ್ಕೇಶಪ್ಪನವರು ಹುಡುಗಿಯ ಕಡೆ ತಿರುಗಿದರು. “ಏನವ್ವಾ, ನನಗೂ ಹಿಂಗೇ ಕೇಳ್ತೀಯೇನು?”

ಕೀರ್ತನಾ ಶಾಂತಲಕ್ಕನ ಮುಖ ನೋಡಿದಳು. ಶಾಂತಲಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಬೇಕೆಂದೇ ಕಿಟಕಿಯ ಕಡೆ ನೋಡುತ್ತಾ ನಿಂತಳು.

“ಕೇಳ್ತೀನ್ರಿ” ಎಂದಳು ಹುಡುಗಿ.

“ಸರಿ. ಸ್ಟೋರು ಇಕಿ ನೋಡ್ಕಳ್ಲಿ. ನೀನು ಸೋಮವಾರದಿಂದ ಎಂಟಕ್ಕೇ ಬಾ ಶಾಂತಲಾ, ಇನ್‌ಚಾರ್ಜ್ ಬರೋ ಟೈಮು ಅದು.”

ಸೋಮವಾರ ಎಂಟು ಗಂಟೆ ಐದು ನಿಮಿಷಕ್ಕೆ ಮಲೆಬೆನ್ನೂರಿನಿಂದ ಫೋನು ಬಂತು. ಫ್ಯಾನು ಯಾಕೆ ಬರಲಿಲ್ಲ ಎಂದು ಮಿಲ್ಲಿನ ಮಾಲೀಕರು ಬಾಯಿಗೆ ಬಂದಂತೆ ಬೈದರು. ಹೊಸ ಇನ್‌ಚಾರ್ಜ್ ನಿಂತುಕೊಂಡೇ ಅಷ್ಟೂ ಕೇಳಿಸಿಕೊಂಡಳು. ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಕುರ್ಚಿ ಎಳೆದುಕೊಂಡು ಕೂತು, “ಯಾಕ ಅಂತ ಹೇಳ್ತೀನಿ, ಕೇಳ್ರಿ” ಎಂದಳು.