ಗೊತ್ತಿಲ್ಲ ಎಂದ ಇಂಜಿನಿಯರ್

ನಮ್ಮ ಕಡೆ 'ಕಾಂಬ' ಅಂದರೆ ನೋಡೋಣ ಎಂದರ್ಥ. ಮುಖ ಮುರಿಯದೆ ಇಲ್ಲ ಅನ್ನುವ ಉಪಾಯವೂ ಹೌದು. ಹೆಣ್ಣು ಕೇಳಲು ಬಂದವರಿಗೆ ಕಾಂಬ ಅಂದರೆ ಅವರು ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಕಡಲಿನಲ್ಲಿ ಗಾಳಿಯಂತ್ರ ನಿಲ್ಲಿಸಲು ಬಂದ ಕಂಪನಿಯವರಿಗೆ ಇದು ಹೇಗೆ ತಿಳಿಯಬೇಕು?

ಬೈಂದೂರಿನ ಹತ್ತಿರ, ನಮ್ಮ ಮನೆಯೆದುರಿನ ದಂಡೆಯಲ್ಲಿ ಕೈರಂಪಣಿ ಎಳೆಯುತ್ತಾರೆ. ದೋಣಿಯಲ್ಲಿ ಸುತ್ತು ಹಾಕಿ ಬಿಟ್ಟ ದೊಡ್ಡ ಬಲೆಯನ್ನು ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುವ ಕೆಲಸ. ಆ ಬಲೆಗೆ ಯಜಮಾನರು ನನ್ನ ಮಾವ. ಯಂತ್ರಗಳ ಕೇಬಲ್ಲು ಕಡಲಿನಿಂದ ದಡ ಹತ್ತುವುದು ಅದೇ ಜಾಗದಲ್ಲಿ ಎಂದು ಕಂಪನಿ ಗೊತ್ತುಮಾಡಿತ್ತು. ಜಾಗ ಹೋದರೆ ಬಲೆ ಹೋದಂತೆ, ಅದನ್ನೇ ನಂಬಿದ ಮನೆಗಳೂ ಹೋದಂತೆ.

ಮೊದಲು ಬಂದ ಅಧಿಕಾರಿ ಬಲು ವಿನಯವಂತರು. ಚಾಪೆಯ ಮೇಲೆ ಕೂತು, ಅತ್ತೆ ಕೊಟ್ಟ ನೀರು ಬೆಲ್ಲ ತೆಗೆದುಕೊಂಡು, ಯಾರಿಗೂ ತೊಂದರೆ ಆಗುವುದಿಲ್ಲ ಎಂದು ಹೇಳಿದ್ದನ್ನೇ ಹೇಳಿದರು. ಮಾವ ಎಲ್ಲ ಕೇಳಿ "ಕಾಂಬ" ಅಂದರು. ವಾರದೊಳಗೆ, ನಮ್ಮೂರವರು ಒಪ್ಪಿದ್ದಾರೆ ಎಂಬ ಸುದ್ದಿ ಕುಂದಾಪುರದ ಮೀನು ಮಾರ್ಕೆಟ್ಟಿನಿಂದ ನಮ್ಮ ಮನೆಗೇ ಬಂತು. ನನಗೆ ನಗು, ಮಾವನಿಗೆ ಮೈಯೆಲ್ಲ ಉರಿ.

ಮಾವ ಹೋಗಿ ಜಗಳ ಮಾಡಿ ಬಂದ ಮೇಲೆ ಕಂಪನಿ ಒಬ್ಬ ಹುಡುಗಿಯನ್ನು ಕಳಿಸಿತು. ಕಡಲ ತಳ ಅಳೆಯುವ ಇಂಜಿನಿಯರ್ ಅಂತೆ. ಜೊತೆಗೆ ಅವಳ ಮೇಲಧಿಕಾರಿಯೂ ಇದ್ದರು.

"ಕೇಬಲ್ಲಿಗೆ ಬಲೆ ಸಿಕ್ಕಿ ಹರಿತ್ತಾ, ಇಲ್ಯಾ? ಅದೊಂದ್ ಹೇಳಿ" ಎಂದರು ಮಾವ.

"ನನಗೆ ಗೊತ್ತಿಲ್ಲ. ನೀವು ಎಳೆಯೋದನ್ನ ಮೊದಲು ನೋಡಬೇಕು" ಅಂದಳು ಅವಳು.

ಮೇಲಧಿಕಾರಿಯ ಮುಖ ಹುಳ್ಳಗಾಯಿತು. ಮರುದಿನ ಬೆಳಿಗ್ಗೆ ಅವಳೊಬ್ಬಳೇ ಬಂದಳು. ಹಗ್ಗ ಹಿಡಿದು ಎಳೆದಳು, ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡಳು, ಬಲೆ ಎಲ್ಲಿಂದ ಮರಳು ಕೆರೆಯುತ್ತದೆ ಎಂದು ಕೇಳಿ ತಿಳಿದುಕೊಂಡಳು. "ಈ ಹೆಣ್ಣ್ ಇದ್ರೆ ಅಡ್ಡಿಲ್ಲೆ" ಎಂದು ಮಾವ ಆ ದಿನ ಊಟಕ್ಕೆ ಕೂತಾಗ ಹೇಳಿದರು. ಅವರು ಸುಮ್ಮನೆ ಯಾರನ್ನೂ ಹೊಗಳುವ ಜನ ಅಲ್ಲ.

ಒಪ್ಪಿಗೆ ಕೇಳಲು ಕರೆದ ಸಭೆಗೆ ಅವಳು ಬರಲಿಲ್ಲ. ಹೊಸಬರೊಬ್ಬರು ಬಂದಿದ್ದರು. ಬಲೆಗೆ ಏನೂ ಆಗುವುದಿಲ್ಲ, ನೂರಕ್ಕೆ ನೂರು ಗ್ಯಾರಂಟಿ ಎಂದರು.

"ಆ ಹೆಣ್ಣ್ ಎಲ್ಲ್?" ಮಾವ ಕೇಳಿದರು.

"ಅವರನ್ನ ಬೇರೆ ಕಡೆ ಹಾಕಿದ್ದಾರೆ. ಜನರ ಹತ್ರ ಮಾತಾಡೋಕೆ ಅವರಿಗೆ ಸರಿಯಾಗಿ ಬರ್ತಿರಲಿಲ್ಲ."

ಮಾವ ದನಿ ಏರಿಸಲಿಲ್ಲ.

"ನಿಜ ಹೇಳ್ದ ಹೆಣ್ಣನ್ನೇ ಇಟ್ಕಂಬುಕೆ ಆಯ್ಲಿಲ್ಲ ನಿಮ್ಗೆ. ನಮ್ಮನ್ನ್ ಇಟ್ಕಂತ್ರ್ಯಾ?"

ಅಷ್ಟು ಹೇಳಿ ಎದ್ದರು. ಬಲೆಯ ಪಾಲುದಾರರೆಲ್ಲ ಅವರ ಹಿಂದೆಯೇ ಎದ್ದರು. ಗಾಳಿಯ ಕರೆಂಟು ಬೇಡ ಎಂದು ಅಲ್ಲಿ ಒಬ್ಬರೂ ಹೇಳಿರಲಿಲ್ಲ.