ಭಾವನ ಲಾರಿಯ ದಮ್ಮು

ಬೀದಿಯವರೆಲ್ಲ ಸಿಡುಕಪ್ಪ ಎಂದು ಕರೆಯುವ ಮೆಕ್ಯಾನಿಕ್‌ಗೆ ಅವತ್ತು ಸಿಡುಕುವುದಕ್ಕೂ ಪುರುಸೊತ್ತಿರಲಿಲ್ಲ. ಅವನು ಡ್ರೈವಿಂಗ್ ಕಲಿತದ್ದೇ ಭಾವನ ಹಳೇ ಲಾರಿಯಲ್ಲಿ. ಈಗ ಅದು ಸ್ವಲ್ಪ ದೂರ ಓಡಿದರೆ ಸಾಕು, ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ರೋಸಿಹೋದ ಅಕ್ಕ ಗುಜರಿಯವನನ್ನೇ ಗ್ಯಾರೇಜಿಗೆ ಕರೆತಂದಿದ್ದಳು.

ಸಿಡುಕಪ್ಪ ಡೀಸೆಲ್ ಫಿಲ್ಟರ್ ಬದಲಿಸಿದ. ಪೈಪುಗಳನ್ನು ಊದಿ ನೋಡಿದ. ಪಂಪು ಬಿಚ್ಚಿ ಜೋಡಿಸಿದ. ಲಾರಿ ಬೀದಿ ಸುತ್ತಿ ಬಂದು ಮತ್ತೆ ಮುನಿಸಿಕೊಂಡಿತು.

"ಸಾಕು ಬಿಡೋ, ಅದರ ಕಥೆ ಮುಗೀತು," ಅಂದಳು ಅಕ್ಕ.

"ಸುಮ್ನಿರಕ್ಕ! ಟ್ಯಾಂಕಲ್ಲಿ ಡೀಸೆಲ್ ಆದ್ರೂ ಇದೆಯಾ ನೋಡ್ತೀನಿ!"

ರೇಗುತ್ತಲೇ ಮುಚ್ಚಳ ತಿರುಗಿಸಿದ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದ ಗಾಳಿತೂತು ಮುಚ್ಚುವಂತೆ ಯಾರೋ ಪ್ಲಾಸ್ಟಿಕ್ಕನ್ನು ಬಿಗಿಯಾಗಿ ಸುತ್ತಿದ್ದರು.

"ಧೂಳು ಹೋಗದಿರಲಿ ಅಂತ ನಾನೇ ಸುತ್ತಿದ್ದು ಕಣೋ," ಅಂದ ಅಕ್ಕನ ಪಕ್ಕ ನಿಂತಿದ್ದ ಭಾವ.

"ಅಯ್ಯೋ ಭಾವ! ಒಳಗೆ ಗಾಳಿ ಹೋಗದೆ ಡೀಸೆಲ್ ಹೇಗೆ ಇಳಿಯುತ್ತೆ? ಮೂಗು ಹಿಡ್ಕೊಂಡು ನೀವೇ ಓಡಿ ನೋಡೋಣ!"

ಪ್ಲಾಸ್ಟಿಕ್ ಕಿತ್ತೆಸೆದದ್ದೇ ತಡ, ಎಲ್ಲರನ್ನೂ ಹೊತ್ತು ಲಾರಿ ಊರ ಸುತ್ತ ಓಡಿತು. ಸಿಡುಕಪ್ಪ ಹಾರನ್ನಿನಿಂದ ಕೈ ತೆಗೆಯಲೇ ಇಲ್ಲ.

"ನಮ್ಮಂಗಡಿ ಹತ್ರ ನಿಲ್ಲಿಸ್ರೀ, ಇಳೀತೀನಿ," ಎಂದ ಗುಜರಿಯವನು.

ಅಕ್ಕ ಬಿದ್ದು ಬಿದ್ದು ನಗುತ್ತ ಕೂಗಿದಳು, "ಅಲ್ಲಿ ಮಾತ್ರ ನಿಲ್ಲಿಸ್ಬೇಡ ಕಣೋ!"