ಅಲ್ಲಾಡುವ ಹವಳ

ನಮ್ಮ ಯಜಮಾನರು ತೀರಿಕೊಂಡಾಗ ಮನೆಯಲ್ಲಿ ಅರ್ಧಕ್ಕೆ ನಿಂತಿದ್ದ ಕೆಲಸ ಒಂದೇ, ಪಡಸಾಲೆಯ ಗಾಜಿನ ತೊಟ್ಟಿ. ಅದರಲ್ಲಿ ಸಮುದ್ರದಷ್ಟೇ ಉಪ್ಪಾದ ನೀರಿತ್ತು, ಕಲ್ಲುಗಳಿದ್ದವು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನುಗಳಿದ್ದವು. ಹವಳ ಇರಲಿಲ್ಲ. ಹವಳಕ್ಕಾಗಿಯೇ ಮಾಡಿಸಿದ ತೊಟ್ಟಿ ಅದು. ಯಾವ ಹವಳ ಇಡಬೇಕೆಂಬುದು ತೀರ್ಮಾನವಾಗದೆ ಐದು ತಿಂಗಳು ಕಳೆದಿತ್ತು.

ನವಲಗುಂದದಲ್ಲಿ ಕುಳಿತು ಮನೆಯೊಳಗೆ ಸಮುದ್ರ ಮಾಡುತ್ತೇನೆ ಎನ್ನುವವರನ್ನು ಕಂಡು ಓಣಿಯವರು ನಕ್ಕರು. ಊರಿಗೆ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ನಾನೂ ಅಂದಿದ್ದೆ. ತಾಲ್ಲೂಕು ಕಚೇರಿಯಲ್ಲಿ ದಿನವಿಡೀ ಪಹಣಿ ನೋಡಿ ಬಂದವರು ಚಹಾ ಕುಡಿಯುತ್ತ ಫೋನಿನಲ್ಲಿ ಹವಳದ ವಿಡಿಯೋ ಹಚ್ಚಿ ನನ್ನ ಮುಂದೆ ಹಿಡಿಯುತ್ತಿದ್ದರು. ಸುಣ್ಣದ ಗೂಡು ಕಟ್ಟಿಕೊಳ್ಳುವ ಗಟ್ಟಿ ಹವಳ ನೋಡಲು ಚಂದ, ಆದರೆ ನೀರಿನ ಬಿಸಿ, ಉಪ್ಪು, ಸುಣ್ಣ ಎಲ್ಲ ದಿನವೂ ಒಂದೇ ಸಮ ಇರಬೇಕು. ಕರೆಂಟು ಹೋದರೆ ಅದರ ಕತೆ ಮುಗಿಯಿತು. ಮೆತ್ತನೆಯ ಹವಳ ಅಷ್ಟು ನಾಜೂಕಲ್ಲ. ಇಷ್ಟನ್ನೆಲ್ಲ ಹೇಳಿ, "ನಿನಗ ಯಾವ್ದು ಬೇಕು ಹೇಳು" ಎಂದು ಕೇಳುತ್ತಿದ್ದರು. ನಾನು ಉತ್ತರಪತ್ರಿಕೆ ತಿದ್ದುತ್ತ, ತಲೆ ಎತ್ತದೆ, "ನಿಮಗ ತಿಳದಂಗ ಮಾಡ್ರಿ" ಎನ್ನುತ್ತಿದ್ದೆ.

ಐದು ತಿಂಗಳೂ ಇದೇ ಪ್ರಶ್ನೆ, ಇದೇ ಉತ್ತರ. ನನ್ನನ್ನು ಬಿಟ್ಟು ಅವರೇ ಒಂದನ್ನು ತರಬಹುದಿತ್ತು. ತರಲಿಲ್ಲ. ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ಡಾಕ್ಟರು ಹೃದಯ ಎಂದರು.

ನಾನು ಅಳಲಿಲ್ಲ. ಬಂದ ಹೆಂಗಸರು ನನ್ನ ಮುಖ ನೋಡಿ ನೋಡಿ, ಗಟ್ಟಿಗಿತ್ತಿ ಇದ್ದಾಳೆ ಎಂದು ಮಾತಾಡಿಕೊಂಡರು. ಗಟ್ಟಿಯೂ ಇಲ್ಲ, ಏನೂ ಇಲ್ಲ. ಹಲ್ಲು ಕೀಳುವ ಮೊದಲು ಸೂಜಿ ಹಾಕಿದ ದವಡೆಯ ಹಾಗೆ ಆಗಿದ್ದೆ, ಅಷ್ಟೆ. ನನ್ನ ತಾಳಿಯ ಸರವನ್ನು ಅತ್ತೆಯವರೇ ಬಿಚ್ಚಿದರು. ಕರಿಮಣಿಗಳ ನಡುವೆ ನಾಲ್ಕು ಹವಳ ಇದ್ದವು. ಅವನ್ನು ಬೇರೆ ಮಾಡಿ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಒಳಗಿಟ್ಟರು. ಆ ಹೊತ್ತಿಗೆ ನನ್ನ ಕಣ್ಣು ತೊಟ್ಟಿಯ ಮೇಲಿತ್ತು. ಮೀನುಗಳಿಗೆ ಇವತ್ತು ಯಾರೂ ತಿನ್ನಲು ಹಾಕಿಲ್ಲ ಎಂದುಕೊಂಡೆ.

ರಜೆ ಮುಗಿದ ಮೇಲೆ ಮೊದಲಿನಂತೆ ಬಸ್ಸು ಹಿಡಿದು ಮೊರಬದ ಶಾಲೆಗೆ ಹೋದೆ, ಪಾಠ ಮಾಡಿದೆ, ಬಂದೆ. ನಾಲ್ಕೈದು ತಿಂಗಳು ಹೀಗೇ ಕಳೆದವು. ವರ್ಷದ ಕಾರ್ಯ ಮುಗಿದ ಮೇಲೆ ತೊಟ್ಟಿ ತೆಗೆಸೋಣ, ಹುಬ್ಬಳ್ಳಿಯ ಅಂಗಡಿಯವನು ಮೀನು, ಕಲ್ಲು ಎಲ್ಲ ವಾಪಸು ತೆಗೆದುಕೊಳ್ಳುತ್ತಾನೆ ಎಂದು ಮೈದುನ ಹೇಳಿದ. ಹೂಂ ಅಂದೆ. ಅದನ್ನೇ ಅಂಗಡಿಯವನಿಗೆ ಫೋನು ಮಾಡಿ ಹೇಳಿದಾಗ ಅವನಿಂದ ಒಂದು ಹೊಸ ಸಂಗತಿ ತಿಳಿಯಿತು. ಯಜಮಾನರು ಎರಡು ತುಂಡು ಹವಳ ತೆಗೆದಿಡಲು ಹೇಳಿದ್ದರಂತೆ. ಸಮುದ್ರದಿಂದ ಕಿತ್ತು ತಂದದ್ದು ಬೇಡ, ನೀನೇ ನಿನ್ನ ತೊಟ್ಟಿಯಲ್ಲಿ ಬೆಳೆಸಿದ್ದು ಕೊಡು ಎಂದಿದ್ದರಂತೆ. ಅವನು ಬೆಳೆಸಿ ಇಟ್ಟಿದ್ದ. "ಎರಡರಾಗ ಯಾವ್ದು ಅಂತ ಮನ್ಯಾಗ ಕೇಳಿ ಹೇಳ್ತೀನಿ ಅಂದಿದ್ರು ಅಕ್ಕಾರ" ಎಂದ.

ಆ ಭಾನುವಾರ ಅತ್ತೆಯವರ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋಗುವುದಿತ್ತು. ಬರುವಾಗ ಆ ತುಂಡುಗಳನ್ನು ನೋಡಿ ಬರೋಣವೆಂದು ಅಂಗಡಿಗೆ ಹೋದೆವು. ಗಟ್ಟಿ ಹವಳದ ತುಂಡು ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಚಂದವೇ ಇತ್ತು. ಅದರ ಪಕ್ಕದಲ್ಲಿ ಮೆತ್ತನೆಯದು, ಬೂದು ಬಣ್ಣದ್ದು, ತುದಿಗೆಲ್ಲ ಸಣ್ಣ ಸಣ್ಣ ಕೈಗಳು. ಹಸುಗೂಸು ಮುಷ್ಟಿ ಬಿಚ್ಚಿ ಮುಚ್ಚುವ ಹಾಗೆ ಆ ಕೈಗಳು ತಾವಾಗಿಯೇ ತೆರೆದು ಮುಚ್ಚುತ್ತಿದ್ದವು. ಇದನ್ನು ಮಾತ್ರ ಯೋಚಿಸಿ ಒಯ್ಯಿರಿ, ಹೊಲದಲ್ಲಿ ಕರಕಿ ಹುಲ್ಲು ಹಬ್ಬಿದ ಹಾಗೆ ಹಬ್ಬುತ್ತದೆ ಎಂದ ಅಂಗಡಿಯವನು. ನಾನು ಎರಡನ್ನೂ ನೋಡುತ್ತ ನಿಂತೆ. ಯಾವುದೂ ಬೇಕು ಅನ್ನಿಸಲಿಲ್ಲ, ಬೇಡ ಅಂತಲೂ ಅನ್ನಿಸಲಿಲ್ಲ.

ಹವಳವೆಂದರೆ ಸರಕ್ಕೆ ಪೋಣಿಸುವ ಮಣಿ ಎಂದಷ್ಟೇ ತಿಳಿದಿದ್ದ ಅತ್ತೆಯವರು ಗಾಜಿಗೆ ಮುಖ ಹತ್ತಿಸಿ, ಇದಕ್ಕೆ ಜೀವ ಇದೆಯೇ ಎಂದು ಎರಡು ಸಲ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಾಡೂದು ತಗೋವಾ. ಮನ್ಯಾಗ ಏನರ ಅಲ್ಲಾಡ್ಲಿ" ಎಂದರು.

ಅದನ್ನೇ ತಂದೆವು. ಅಂದರೆ ಆ ಸಲವೂ ನಾನು ಉತ್ತರ ಹೇಳಲಿಲ್ಲ, ಬೇರೆಯವರು ಹೇಳಿದರು.

ಎರಡು ತಿಂಗಳು ಹವಳ ಚೆನ್ನಾಗಿ ಬೆಳೆಯಿತು. ಅತ್ತೆಯವರು ಊಟವಾದ ಮೇಲೆ ಕುರ್ಚಿ ಹಾಕಿಕೊಂಡು ಅದರ ಮುಂದೆ ಕೂಡುತ್ತಿದ್ದರು. ತೊಟ್ಟಿಯ ಕೆಲಸ ನನ್ನದು. ಅದರಲ್ಲಿ ಮುಖ್ಯವಾದದ್ದು ನೀರು ಹಾಕುವುದು. ತೊಟ್ಟಿಯಿಂದ ಆರಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟು ಸಿಹಿ ನೀರನ್ನೇ ತುಂಬಬೇಕು. ಕುಡಿಯಲು ಶುದ್ಧ ನೀರಿನ ಘಟಕದಿಂದ ತರುವ ಕ್ಯಾನಿನ ನೀರನ್ನು ಯಜಮಾನರು ದಿನಕ್ಕೊಂದು ತಂಬಿಗೆ ಹಾಕುತ್ತಿದ್ದರು. ಈ ಮಾತನ್ನು ನನಗೆ ಹೇಳಿದ್ದರು, ತಮ್ಮ ತಾಯಿಗೆ ಹೇಳಿರಲಿಲ್ಲ.

ಒಂದು ಭಾನುವಾರ ನೋಡುತ್ತೇನೆ, ಹವಳದ ಕೈಗಳೆಲ್ಲ ಮುಚ್ಚಿ ಜೋತು ಬಿದ್ದಿವೆ. ಒಂದು ಮಗ್ಗಲು ಕೊಳೆತು ಲೋಳೆಯಾಗಿದೆ. ಉಪ್ಪು ಅಳೆಯುವ ಡಬ್ಬಿಯಲ್ಲಿ ನೀರು ತುಂಬಿದರೆ ಮುಳ್ಳು ಮೇಲಿನ ಗೆರೆ ದಾಟಿ ನಿಂತಿತು. ತೊಟ್ಟಿಯ ಪಕ್ಕದಲ್ಲಿ ಅತ್ತೆಯವರ ತಂಬಿಗೆ ಕಂಡು, ಏನು ಹಾಕಿದಿರಿ ಎಂದು ಅವರನ್ನು ಕೇಳಿದೆ. ಬೋರಿನ ನೀರು ಎಂದರು.

ನಮ್ಮೂರ ಬೋರಿನ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಅತ್ತೆಯವರು ವಯಸ್ಸಿನಲ್ಲಿದ್ದಾಗ ಕೆರೆಯಿಂದ ಸಿಹಿನೀರಿನ ಕೊಡ ಹೊತ್ತವರು, ಒಂದು ತಂಬಿಗೆ ಕುಡಿಯುವ ನೀರು ಚೆಲ್ಲಿದರೆ ಇಂದಿಗೂ ಸಹಿಸುವುದಿಲ್ಲ. ಉಪ್ಪಿನಲ್ಲಿ ಬದುಕುವ ಜೀವಕ್ಕೆ ಉಪ್ಪಿನ ನೀರು, ಮನುಷ್ಯರಿಗೆ ಸಿಹಿನೀರು ಎಂಬುದು ಅವರ ಲೆಕ್ಕ. ಇಪ್ಪತ್ತು ದಿನ ತಪ್ಪದೆ ಹಾಕಿದ್ದರು. ಈ ಊರಲ್ಲಿ ಬೇರೆ ಯಾರಾಗಿದ್ದರೂ ಹಾಗೇ ಮಾಡುತ್ತಿದ್ದರು.

ಅದು ಆಗ ಹೊಳೆಯಲಿಲ್ಲ. ನನಗೆ ಸಿಟ್ಟು ಬಂತು. ಏಳೆಂಟು ತಿಂಗಳಲ್ಲಿ ಮೊದಲ ಸಲ ಏನೋ ಒಂದು ಬಂತು. "ನಿಮ್ಮ ಮಗನ ತೊಟ್ಟಿ ನೀವ ಕೆಡಿಸಿದ್ರಿ" ಎಂದೆ. ಅವರಿಗೆ ಅನ್ನಬಾರದ ಮಾತು.

ಅತ್ತೆಯವರು ದನಿ ಎತ್ತಲಿಲ್ಲ. "ಎಂಟ ದಿನಾ ಕಾದೆ. ನೀರು ಇಳಕೋತ ಹೊಂಟಿತ್ತು. ನೀ ಅದರ ಮುಂದನ ಕುಂತ ಉಣತಿದ್ದಿ. ಒಮ್ಮೆರ ನೋಡಲಿಲ್ಲ. ನಾ ಏನ ಮಾಡ್ಲಿ?"

ನನಗೆ ನಾಚಿಕೆಯಾಯಿತು. ನೀರು ಹಾಕುವುದನ್ನು ನಾನು ಯಾವತ್ತು ಬಿಟ್ಟೆ ಎಂಬುದೇ ನೆನಪಿರಲಿಲ್ಲ. ಬಿಟ್ಟದ್ದು ನಾನು, ಬೈದದ್ದು ಅವರಿಗೆ.

ಉಪ್ಪನ್ನು ಒಮ್ಮೆಲೇ ಇಳಿಸಿದರೆ ಇದ್ದ ಜೀವವೂ ಹೋಗುತ್ತದೆ. ಒಂದು ತಂಬಿಗೆ ತೆಗೆದು ಒಂದು ತಂಬಿಗೆ ಸಿಹಿನೀರು ಹಾಕುತ್ತ ಎರಡು ದಿನ ನಡೆಸಿದೆವು. ನಾನು ತೆಗೆಯುವುದು, ಅವರು ಹಾಕುವುದು. ಕ್ಯಾನಿನ ನೀರನ್ನು ಒಂದು ಹನಿ ಹೊರಗೆ ಬೀಳದಂತೆ, ಗಾಜಿನ ಗೋಡೆಗೆ ತಾಗಿಸಿ ಬಿಟ್ಟರು. ಮೀನುಗಳು ಉಳಿದವು. ಕೊಳೆತ ಹವಳವನ್ನು ಕತ್ತರಿಸಿ ತೆಗೆದಾಗ ಹೆಬ್ಬೆರಳಿನಷ್ಟು ಉಳಿಯಿತು.

ಮರುದಿನ ಸಂಜೆ ಅಂಗಡಿಯವನಿಗೆ ಫೋನು ಮಾಡಿ ಆದದ್ದನ್ನು ಹೇಳಿದೆ. ಅವನು ಯಾರನ್ನೂ ದೂರಲಿಲ್ಲ. ಗಟ್ಟಿ ಹವಳ ಇನ್ನೂ ಇಟ್ಟಿದ್ದೇನೆ, ಬೇಕಾದರೆ ಅದನ್ನು ಕೊಡುತ್ತೇನೆ, ಇಲ್ಲವೇ ತಡೆದುಕೊಳ್ಳುವಂಥದ್ದು ಯಾವುದಾದರೂ ನಾನೇ ನೋಡಿ ಬಸ್ಸಿಗೆ ಹಾಕಲೇ, ಅಥವಾ ಹೇಗೂ ವರ್ಷದ ಮೇಲೆ ತೆಗೆಸುವುದಿದ್ದರೆ ಸುಮ್ಮನೆ ಬಿಡುವುದೇ ಎಂದು ಕೇಳಿದ.

ನಿಮಗ ತಿಳದಂಗ ಮಾಡ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆಯವರು ಕುರ್ಚಿಯಲ್ಲಿ ಮುಂದೆ ಬಾಗಿ, ಮಡಿಲಲ್ಲಿ ಖಾಲಿ ತಂಬಿಗೆ ಹಿಡಿದುಕೊಂಡು, ಆ ಹೆಬ್ಬೆರಳಿನಷ್ಟು ಹವಳವನ್ನು ನೋಡುತ್ತಿದ್ದರು. ನಾನೂ ನೋಡಿದೆ. ಒಂದು ಕೈ ಅರ್ಧ ಬಿಚ್ಚಿತ್ತು.

"ತಡೀರಿ, ನಾ ಹೇಳ್ತೀನಿ" ಎಂದೆ. "ತೊಟ್ಟಿ ತಗಸೂದಿಲ್ಲ. ನನಗ ಅಲ್ಲಾಡೂದ ಬೇಕು."

ಯಜಮಾನರು ಐದು ತಿಂಗಳು ಕಾದ ಉತ್ತರ ಇಷ್ಟೇ ಉದ್ದ ಇತ್ತು.